ಊರುಗಳ ಆಕಾಶರೇಖೆ

ಹಳಿಯಾಳ ತಾಲ್ಲೂಕಿನ ತೇರಗಾಂವದಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಗದ್ದೆಯ ಬದುವಿನ ಮೇಲೆ ನಿಂತು ಪಡುವಣಕ್ಕೆ ನೋಡಿದರೆ, ಆಕಾಶವೂ ಭೂಮಿಯೂ ಕೂಡುವ ಕಡೆ ಒಂದು ಕಪ್ಪು ಗೆರೆ ಕಾಣುತ್ತದೆ. ಆ ಗೆರೆ ನೇರವಾಗಿರುವುದಿಲ್ಲ. ಒಂದೆಡೆ ತೆಂಗಿನ ಗರಿಗಳು, ಒಂದೆಡೆ ಹುಲ್ಲಿನ ಬಣವೆ, ಮತ್ತೊಂದೆಡೆ ಹಂಚಿನ ಮಾಡುಗಳು, ಗುಡಿಯ ಶಿಖರ, ಮೊಬೈಲ್ ಗೋಪುರ. ಇವೆಲ್ಲಕ್ಕೂ ಹಿಂದೆ ಸಹ್ಯಾದ್ರಿಯ ಕಾಡಿನ ನೀಲಿ ಏಣು. ಆಕಾಶವನ್ನು ಹಿನ್ನೆಲೆಯಾಗಿ ಮಾಡಿಕೊಂಡು ಹೀಗೆ ಕಾಣುವ ಊರಿನ ಮೇಲಂಚಿಗೆ ಆಕಾಶರೇಖೆ ಎಂದು ಹೆಸರಿಡೋಣ. ಹಳ್ಳಿಗೂ ಆಕಾಶರೇಖೆಯುಂಟು, ನಗರಕ್ಕೂ ಉಂಟು.

ನಮ್ಮ ತರಗತಿಯ ತೇರಗಾಂವದ ವಿದ್ಯಾರ್ಥಿಯೊಬ್ಬನು ಪ್ರವಾಸ ಮುಗಿಸಿ ಬಂದವನು ನಮ್ಮನ್ನು ಕೇಳಿದನು: "ಸರ್, ಬೆಂಗಳೂರಾಗ ಅಷ್ಟೆಲ್ಲಾ ಎತ್ತರದ ಕಟ್ಟಡ ಅದಾವ ಅಂತಾರ. ಆದರ ಊರು ಬಂತು ಅನ್ನೋದು ಬಸ್ಸು ಊರೊಳಗ ಹೋದ ಮ್ಯಾಲ ಗೊತ್ತಾತು. ಗೋಳಗುಮ್ಮಟ ಮಾತ್ರ ವಿಜಯಪುರ ಇನ್ನೂ ದೂರ ಇದ್ದಾಗನ ಕಂಡಿತು. ಹಿಂಗ್ಯಾಕ?" ತರಗತಿಯಲ್ಲಿ ಕೆಲವರು ನಕ್ಕರು. ಆದರೆ ಪ್ರಶ್ನೆಯು ನಗುವಂಥದಲ್ಲ. ನೂರು ಮೀಟರನ್ನು ಮೀರಿದ ಅನೇಕ ಕಟ್ಟಡಗಳುಳ್ಳ ನಗರವು ಕಣ್ಣಿಗೆ ತುಂಬದೆ, ಸುಮಾರು 51 ಮೀಟರ್ ಎತ್ತರದ ಒಂದೇ ಕಟ್ಟಡವುಳ್ಳ ನಗರವು ಕಣ್ಣಿಗೆ ತುಂಬುವುದಾದರೆ, ಅದಕ್ಕೆ ಕಾರಣವಿರಲೇಬೇಕು. ಆ ಕಾರಣಗಳಲ್ಲಿ ಹೆಚ್ಚಿನವು ಪ್ರೌಢಶಾಲೆಯ ರೇಖಾಗಣಿತಕ್ಕೂ ಬೆಳಕಿನ ಪಾಠಕ್ಕೂ ಎಟಕುವಂಥವು. ಅವನ್ನು ಒಂದೊಂದಾಗಿ ಪರಿಶೀಲಿಸೋಣ.

ಎತ್ತರವಲ್ಲ, ಕೋನ

ಕಣ್ಣು ಅಳೆಯುವುದು ಮೀಟರುಗಳನ್ನಲ್ಲ, ಕೋನವನ್ನು. ವಸ್ತುವಿನ ಬುಡದಿಂದ ಕಣ್ಣಿಗೆ ಒಂದು ಗೆರೆ, ತುದಿಯಿಂದ ಕಣ್ಣಿಗೆ ಇನ್ನೊಂದು ಗೆರೆ ಎಳೆದರೆ, ಅವೆರಡರ ನಡುವಣ ಕೋನವೇ ಆ ವಸ್ತುವಿನ ತೋರಿಕೆಯ ಎತ್ತರ. ಕೋನವು ಚಿಕ್ಕದಾಗಿದ್ದಾಗ ಅದನ್ನು ಲೆಕ್ಕ ಹಾಕುವುದು ಬಹು ಸುಲಭ:

ಕೋನ (ಡಿಗ್ರಿಗಳಲ್ಲಿ) = 57 × ಎತ್ತರ ÷ ದೂರ

ನಿಮ್ಮ ಮನೆಯಿಂದ 100 ಮೀಟರ್ ದೂರದಲ್ಲಿರುವ 15 ಮೀಟರ್ ಎತ್ತರದ ತೆಂಗಿನ ಮರವನ್ನು ತೆಗೆದುಕೊಳ್ಳಿ. ಅದರ ಕೋನವು ಸುಮಾರು 8.5 ಡಿಗ್ರಿ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ 1970ರ ದಶಕದಲ್ಲಿ ತಲೆಯೆತ್ತಿದ, 25 ಅಂತಸ್ತುಗಳ ಯುಟಿಲಿಟಿ ಕಟ್ಟಡದ ಎತ್ತರವು ಸುಮಾರು 106 ಮೀಟರ್. ಆ ಕಟ್ಟಡದಿಂದ 700 ಮೀಟರ್ ದೂರಕ್ಕೆ ಸರಿದು ನಿಂತರೆ ಅದೂ 8.5 ಡಿಗ್ರಿಯಷ್ಟೇ ಎತ್ತರವಾಗಿ ಕಾಣುತ್ತದೆ. ಎಂದರೆ ಕಣ್ಣಿನ ಲೆಕ್ಕದಲ್ಲಿ ತೇರಗಾಂವದ ತೆಂಗೂ ಬೆಂಗಳೂರಿನ ಗೋಪುರವೂ ಒಂದೇ ಅಳತೆಯವು. ದುಬೈ ನಗರದ ಬುರ್ಜ್ ಖಲೀಫಾ 828 ಮೀಟರ್ ಎತ್ತರವಿದ್ದು ಗೋಳಗುಮ್ಮಟದ ಹದಿನಾರು ಪಟ್ಟು ಮಿಗಿಲಾಗಿದೆ. ಆದರೂ 1,600 ಮೀಟರ್ ದೂರದಿಂದ ನೋಡಿದ ಬುರ್ಜ್ ಖಲೀಫಾಕ್ಕೂ 100 ಮೀಟರ್ ದೂರದಿಂದ ನೋಡಿದ ಗೋಳಗುಮ್ಮಟಕ್ಕೂ ಕೋನದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಎರಡೂ 27 ಡಿಗ್ರಿಯ ಆಸುಪಾಸಿನಲ್ಲಿವೆ.

ಈ 27 ಡಿಗ್ರಿಗೆ ಒಂದು ವಿಶೇಷವುಂಟು. ಜರ್ಮನಿಯ ವಾಸ್ತುಶಿಲ್ಪಿ ಹೆರ್ಮನ್ ಮೇರ್ಟೆನ್ಸ್ ಎಂಬುವರು 1877ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಟ್ಟಡವನ್ನು ನೋಡುವುದಕ್ಕೆ ಮೂರು ದೂರಗಳನ್ನು ಗೊತ್ತುಪಡಿಸಿದರು. ಕಟ್ಟಡದ ಎತ್ತರದಷ್ಟೇ ದೂರದಲ್ಲಿ ನಿಂತರೆ ಕೋನವು 45 ಡಿಗ್ರಿ. ಆಗ ಕೆತ್ತನೆಯ ಕೆಲಸ ಕಾಣುತ್ತದೆ. ಎರಡರಷ್ಟು ದೂರದಲ್ಲಿ ನಿಂತರೆ 27 ಡಿಗ್ರಿ. ಆಗ ಇಡೀ ಕಟ್ಟಡವು ಒಂದೇ ನೋಟಕ್ಕೆ ಸಿಗುತ್ತದೆ. ಮೂರರಷ್ಟು ದೂರದಲ್ಲಿ 18 ಡಿಗ್ರಿ. ಆಗ ಕಟ್ಟಡವು ತನ್ನ ಸುತ್ತುಮುತ್ತಿನೊಡನೆ ಸೇರಿ ಒಂದು ಚಿತ್ರವಾಗುತ್ತದೆ. ಇನ್ನೂ ದೂರ ಸರಿದರೆ ಕಟ್ಟಡವು ತಾನೇ ಆಕಾಶರೇಖೆಯ ಒಂದು ತುಂಡಾಗುತ್ತದೆ. ನಮ್ಮ ವಿಷಯವಿರುವುದು ಈ ಕಡೆಯ ಹಂತದಲ್ಲಿ.

ಗೋಳಗುಮ್ಮಟವನ್ನೇ ದೂರದಿಂದ ನೋಡೋಣ. 1 ಕಿಲೋಮೀಟರ್ ದೂರದಿಂದ ಅದರ ಎತ್ತರ 2.9 ಡಿಗ್ರಿ, 5 ಕಿಲೋಮೀಟರಿನಿಂದ 0.58 ಡಿಗ್ರಿ, 10 ಕಿಲೋಮೀಟರಿನಿಂದ 0.29 ಡಿಗ್ರಿ. ಅದರ ಗುಮ್ಮಟದ ಹೊರವ್ಯಾಸವು ಸುಮಾರು 44 ಮೀಟರ್. ಆದುದರಿಂದ 5 ಕಿಲೋಮೀಟರ್ ದೂರದಿಂದ ಆ ಗುಮ್ಮಟದ ಅಗಲವು 0.5 ಡಿಗ್ರಿ. ಹುಣ್ಣಿಮೆಯ ಚಂದ್ರನ ಅಗಲವೂ ಅಷ್ಟೇ! ಚಂದ್ರನಷ್ಟು ದೊಡ್ಡದಾದ, ಚಂದ್ರನಂತೆಯೇ ದುಂಡಾದ ಒಂದು ವಸ್ತುವು ಬಯಲಿನ ಅಂಚಿನಲ್ಲಿ ಕುಳಿತಿದ್ದರೆ ಬಸ್ಸಿನ ಕಿಟಕಿಯಲ್ಲಿದ್ದವನು ಅದನ್ನು ಕಾಣದೆ ಹೋಗುವುದು ಹೇಗೆ?

ಕಣ್ಣಿನ ಮಟ್ಟ

ಆದರೆ ಕೋನವೊಂದರಿಂದಲೇ ಎಲ್ಲವೂ ತೀರುವುದಿಲ್ಲ. ಕಟ್ಟಡದ ಹಿಂದೆ ಆಕಾಶವಿರಬೇಕು. ಇಲ್ಲಿ ಒಂದು ಸರಳವಾದ ನಿಯಮವಿದೆ. ಮಟ್ಟಸವಾದ ಬಯಲಿನಲ್ಲಿ ನಾವು ನಿಂತಾಗ ಕ್ಷಿತಿಜದ ಗೆರೆಯು ಸುತ್ತಲಿನ ಪ್ರತಿಯೊಂದು ಮರವನ್ನೂ ಮನೆಯನ್ನೂ ನಮ್ಮ ಕಣ್ಣಿನ ಎತ್ತರದಲ್ಲಿಯೇ ಕಡಿಯುತ್ತದೆ. ಕಣ್ಣಿಗಿಂತ ಎತ್ತರವಾದ ಭಾಗವು ಆಕಾಶಕ್ಕೆ ಎದುರಾಗಿ ಕಾಣುತ್ತದೆ. ತಗ್ಗಾದ ಭಾಗವು ನೆಲಕ್ಕೆ ಎದುರಾಗಿ ಕಾಣುತ್ತದೆ.

ಇದರಿಂದ ಹೊರಡುವ ಒಂದು ಫಲವು ಮೊದಲಿಗೆ ಸೋಜಿಗವೆನಿಸುತ್ತದೆ. ಊರನ್ನು ಚೆನ್ನಾಗಿ ನೋಡಬೇಕೆಂದು ನಾವು ಬೆಟ್ಟ ಹತ್ತುತ್ತೇವೆ. ಹತ್ತಿದೊಡನೆ ಊರಿನ ಆಕಾಶರೇಖೆ ಮಾಯವಾಗುತ್ತದೆ. ಮೈಸೂರಿನ ಚಾಮುಂಡಿಬೆಟ್ಟವು ನಗರಕ್ಕಿಂತ ಸುಮಾರು 300 ಮೀಟರ್ ಎತ್ತರವಾಗಿದೆ. 1912ರಲ್ಲಿ ಪೂರ್ಣಗೊಂಡ ಅರಮನೆಯ ಗೋಪುರವು ಸುಮಾರು 44 ಮೀಟರ್, ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರಗಳು ಸುಮಾರು 53 ಮೀಟರ್. ಬೆಟ್ಟದ ಮೇಲಿನ ಕಣ್ಣಿಗೆ ಇವು ಯಾವುವೂ ಕ್ಷಿತಿಜವನ್ನು ಮುಟ್ಟುವುದಿಲ್ಲ. ಊರು ಒಂದು ನಕ್ಷೆಯಂತೆ ಹಾಸಿಕೊಂಡು ಬೀಳುತ್ತದೆ. ವಿಮಾನದಿಂದ ನೋಡಿದ ನಗರವು ಚೆಂದವಾಗಿದ್ದರೂ ಗಂಭೀರವಾಗಿ ಕಾಣದಿರುವುದಕ್ಕೆ ಇದೇ ಕಾರಣ. ಅದೇ ಬೆಟ್ಟವನ್ನು ಅರಮನೆಯ ಬಳಿಯಿಂದ, ಎಂದರೆ ಸುಮಾರು 4 ಕಿಲೋಮೀಟರ್ ದೂರದಿಂದ ನೋಡಿರಿ; ಅದು 4 ಡಿಗ್ರಿಗೂ ಮಿಗಿಲಾಗಿ ಮೇಲೆದ್ದು ನಗರದ ದಕ್ಷಿಣದ ಆಕಾಶವನ್ನೆಲ್ಲ ತುಂಬುತ್ತದೆ. ಮೈಸೂರಿನ ಆಕಾಶರೇಖೆಗೆ ಬೆಟ್ಟವೇ ದೊರೆ.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಹತ್ತಿರದಲ್ಲಿಯೇ ಇದೆ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಬಳಿ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟು 101 ಮೀಟರ್ ಎತ್ತರ, 332 ಮೀಟರ್ ಉದ್ದ. ಎತ್ತರದಲ್ಲಿ ಅದು ಗೋಳಗುಮ್ಮಟದ ಸುಮಾರು ಎರಡರಷ್ಟು. ಆದರೆ ಅದು ನಿಂತಿರುವುದು ಕಣಿವೆಯಲ್ಲಿ. ಎರಡು ಪಕ್ಕಗಳಲ್ಲಿಯೂ ಅದಕ್ಕಿಂತ ಎತ್ತರವಾದ ಗುಡ್ಡಗಳು. ಹತ್ತಿರ ಹೋಗುವ ತನಕ ಅದರ ಸುಳಿವು ಸಿಗುವುದಿಲ್ಲ. ಹತ್ತಿರ ಹೋದಾಗ ಅದರ ಭವ್ಯತೆಗೆ ಬೆರಗಾಗುತ್ತೇವೆ, ನಿಜ. ಆದರೆ ದೂರದ ಆಕಾಶರೇಖೆಯಲ್ಲಿ ಅದಕ್ಕೆ ಸ್ಥಾನವಿಲ್ಲ. ಗೋಳಗುಮ್ಮಟವು ಅರ್ಧದಷ್ಟೇ ಎತ್ತರವಿದ್ದರೂ ದಖ್ಖನದ ಕಪ್ಪುನೆಲದ ಬಯಲಿನಲ್ಲಿ, ತಗ್ಗು ಮನೆಗಳ ನಡುವೆ ನಿಂತಿದೆ. ಸುತ್ತಲಿನ ಮನೆಗಳು 6 ಮೀಟರ್ ಎಂದಿಟ್ಟುಕೊಂಡರೆ ಅದು ಅವುಗಳ ಎಂಟರಷ್ಟು. ನೂರು ಮೀಟರಿನ ಕಟ್ಟಡವು 40 ಮೀಟರಿನ ಕಟ್ಟಡಗಳ ನಡುವೆ ನಿಂತರೆ ಎರಡೂವರೆಯಷ್ಟು ಮಾತ್ರ. ಕಣ್ಣು ಎತ್ತರವನ್ನು ಗುರುತಿಸುವುದಕ್ಕಿಂತ ಎತ್ತರದ ಅಂತರವನ್ನು ಬೇಗ ಗುರುತಿಸುತ್ತದೆ.

ಭೂಮಿಯ ದುಂಡು

ಬಯಲಿನಲ್ಲಿ ನಿಂತ ಕಟ್ಟಡವು ಎಷ್ಟು ದೂರದ ತನಕ ಕಂಡೀತು? ಭೂಮಿಯು ದುಂಡಗಿರುವುದರಿಂದ ಇದಕ್ಕೆ ಒಂದು ಎಲ್ಲೆಯುಂಟು. ವೃತ್ತದ ಸ್ಪರ್ಶಕದ ಲೆಕ್ಕವನ್ನು ನೆನಪಿಗೆ ತಂದುಕೊಳ್ಳಿ. ಕಣ್ಣಿನ ಎತ್ತರವು ಭೂಮಿಯ ತ್ರಿಜ್ಯವಾದ 6,371 ಕಿಲೋಮೀಟರಿಗೆ ಹೋಲಿಸಿದರೆ ಬಹು ಅಲ್ಪ. ಆಗ ಕ್ಷಿತಿಜದ ದೂರದ ವರ್ಗವು ತ್ರಿಜ್ಯದ ಎರಡರಷ್ಟನ್ನು ಎತ್ತರದಿಂದ ಗುಣಿಸಿದಷ್ಟಾಗುತ್ತದೆ. ಎತ್ತರವನ್ನು ಮೀಟರಿನಲ್ಲಿಯೂ ದೂರವನ್ನು ಕಿಲೋಮೀಟರಿನಲ್ಲಿಯೂ ಇಟ್ಟರೆ,

ಕ್ಷಿತಿಜದ ದೂರ = 3.57 × √ಎತ್ತರ

ನಿಂತ ಮನುಷ್ಯನ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ ಅವನ ಕ್ಷಿತಿಜವು 4.5 ಕಿಲೋಮೀಟರ್ ದೂರದಲ್ಲಿದೆ. 51 ಮೀಟರಿನ ಗೋಳಗುಮ್ಮಟದ ತುದಿಗೆ 25.5 ಕಿಲೋಮೀಟರ್. ಎರಡನ್ನೂ ಕೂಡಿಸಿದರೆ 30 ಕಿಲೋಮೀಟರ್. ನೆಲವು ಪೂರಾ ಮಟ್ಟಸವಾಗಿದ್ದರೆ ಗುಮ್ಮಟದ ನೆತ್ತಿಯು ಅಷ್ಟು ದೂರದಿಂದ ಕ್ಷಿತಿಜದ ಮೇಲೆ ಇಣುಕಬಲ್ಲದು. ನೆಲದ ಏರಿಳಿತಗಳು ಈ ದೂರವನ್ನು ಹೆಚ್ಚಿಸಲೂಬಹುದು, ಕಡಿಮೆ ಮಾಡಲೂಬಹುದು.

ಕಡಲಿನ ಮೇಲೆ ಏರಿಳಿತದ ತೊಡಕಿಲ್ಲ. ನಮ್ಮ ಜಿಲ್ಲೆಯ ಮುರುಡೇಶ್ವರದಲ್ಲಿ 2008ರಲ್ಲಿ ಉದ್ಘಾಟನೆಯಾದ ರಾಜಗೋಪುರವು ಸುಮಾರು 72 ಮೀಟರ್ ಎತ್ತರವಾಗಿದೆ. ಮೀನುದೋಣಿಯಲ್ಲಿ ಕುಳಿತವನ ಕಣ್ಣು ನೀರಿನಿಂದ 2 ಮೀಟರ್ ಮೇಲಿದ್ದರೆ, ಗಾಳಿ ತಿಳಿಯಾಗಿರುವ ದಿನ ಸುಮಾರು 35 ಕಿಲೋಮೀಟರ್ ದೂರದಲ್ಲಿ ಗೋಪುರದ ತುದಿ ಅವನ ಕ್ಷಿತಿಜದ ಗೆರೆಯನ್ನು ಮುಟ್ಟುತ್ತದೆ. ಅಲ್ಲಿಂದ ದಡಕ್ಕೆ ಬರುಬರುತ್ತ ಗೋಪುರವು ನೀರಿನೊಳಗಿನಿಂದ ಏಳುವಂತೆ ತೋರುತ್ತದೆ. ಹಡಗಿನ ಕೂವೆಮರದ ತುದಿ ಮೊದಲು ಕಾಣುತ್ತದೆಂದು ಓದಿದ ಪಾಠವನ್ನೇ ಇಲ್ಲಿ ಹಡಗಿನಿಂದ ದಡದ ಕಡೆಗೆ ತಿರುಗಿಸಿದಂತಾಯಿತು.

ವಾಯುಮಂಡಲದಲ್ಲಿ ಮೇಲಕ್ಕೆ ಹೋದಂತೆ ಗಾಳಿಯು ತೆಳುವಾಗುವುದರಿಂದ ಬೆಳಕಿನ ಕಿರಣವು ಭೂಮಿಯ ಕಡೆಗೆ ಅಲ್ಪಸ್ವಲ್ಪ ಬಾಗುತ್ತದೆ. ಈ ವಕ್ರೀಭವನದಿಂದ ಕ್ಷಿತಿಜದ ದೂರವು ನೂರಕ್ಕೆ 8ರಷ್ಟು ಹೆಚ್ಚುತ್ತದೆ. ಕೆಲವು ವೇಳೆ ಅದು ಇನ್ನೂ ಹೆಚ್ಚಿನ ಆಟವಾಡುತ್ತದೆ. ಅಮೆರಿಕದ ಶಿಕಾಗೋ ನಗರದ ವಿಲ್ಲಿಸ್ ಗೋಪುರದ ಎತ್ತರ 442 ಮೀಟರ್. ಮಿಶಿಗನ್ ಸರೋವರದ ಎದುರು ದಡವು ಸುಮಾರು 80 ಕಿಲೋಮೀಟರ್ ದೂರದಲ್ಲಿದ್ದು, ಲೆಕ್ಕದ ಪ್ರಕಾರ ಅಲ್ಲಿಗೆ ಗೋಪುರದ ತುದಿ ಮಾತ್ರ ಕಾಣಬೇಕು. ಆದರೆ ಸರೋವರದ ತಣ್ಣೀರಿನ ಮೇಲೆ ತಂಪಾದ ಗಾಳಿಯೂ ಅದರ ಮೇಲೆ ಬೆಚ್ಚನೆಯ ಗಾಳಿಯೂ ಪದರವಾಗಿ ನಿಂತ ದಿನಗಳಲ್ಲಿ ಕಿರಣಗಳು ಹೆಚ್ಚು ಬಾಗಿ ಇಡೀ ನಗರದ ಸಾಲನ್ನೇ ಮೇಲಕ್ಕೆತ್ತಿ ತೋರಿಸುತ್ತವೆ. 2015ರ ವಸಂತದಲ್ಲಿ ಅಂಥದೊಂದು ಛಾಯಾಚಿತ್ರವು ಜಗತ್ತಿನಲ್ಲೆಲ್ಲ ಹೆಸರಾಯಿತು.

ಹರಡಿದ ನಗರ, ಒತ್ತಾದ ನಗರ

ಈಗ ಬೆಂಗಳೂರಿಗೆ ಬರೋಣ. ಒಂದು ಹಾಳೆಯ ಮೇಲೆ 30 ಸೆಂಟಿಮೀಟರಿನ ಗೆರೆ ಎಳೆಯಿರಿ. ಅದು 30 ಕಿಲೋಮೀಟರ್ ಹರಡಿರುವ ನಗರವೆಂದು ಭಾವಿಸಿ. ಇದೇ ಪ್ರಮಾಣದಲ್ಲಿ 100 ಮೀಟರಿನ ಕಟ್ಟಡದ ಎತ್ತರವೆಷ್ಟು? ಕೇವಲ 1 ಮಿಲಿಮೀಟರ್! ಹಾಳೆಯ ಮೇಲೆ ಅಲ್ಲೊಂದು ಇಲ್ಲೊಂದು ಮಿಲಿಮೀಟರಿನ ಚುಕ್ಕೆಗಳನ್ನು ಇಟ್ಟರೆ ಯಾರ ಕಣ್ಣಿಗೂ ಅದು ಬೆಟ್ಟಸಾಲಿನಂತೆ ಕಾಣುವುದಿಲ್ಲ. ಅವೇ ಚುಕ್ಕೆಗಳನ್ನು 1 ಸೆಂಟಿಮೀಟರಿನೊಳಗೆ ಒತ್ತಾಗಿ ನಿಲ್ಲಿಸಿದರೆ ಒಂದು ಆಕಾರ ಹುಟ್ಟುತ್ತದೆ.

ಬೆಂಗಳೂರಿನ ಎತ್ತರದ ಕಟ್ಟಡಗಳು ಹೀಗೆಯೇ ಚೆದರಿಹೋಗಿವೆ: ಯಶವಂತಪುರದ ಕಡೆ ಕೆಲವು, ಹೆಬ್ಬಾಳದ ಕಡೆ ಕೆಲವು, ಬನ್ನೇರುಘಟ್ಟ ರಸ್ತೆಯಲ್ಲಿ ಕೆಲವು, ವೈಟ್‌ಫೀಲ್ಡ್‌ನಲ್ಲಿ ಕೆಲವು. ಇದಕ್ಕೆ ನೆಲದ ಬೆಲೆಯೂ ಉದ್ಯೋಗಗಳ ಹಂಚಿಕೆಯೂ ಕಾರಣವೆಂಬುದು ಸರಿ. ಅದರ ಜೊತೆಗೆ ಎಚ್‌.ಎ.ಎಲ್‌., ಯಲಹಂಕ, ಜಕ್ಕೂರುಗಳ ವಿಮಾನದಾಣಗಳ ಸುತ್ತ ಕಟ್ಟಡಗಳ ಎತ್ತರಕ್ಕೆ ಮಿತಿಯುಂಟು. ವಿಮಾನವು ಇಳಿಯುವ ದಾರಿಗೆ ಅಡ್ಡಿಯಾಗದಂತೆ ಈ ಮಿತಿಯು ಅವಶ್ಯವೇ. ಇದಲ್ಲದೆ ಬೆಂಗಳೂರಿಗೆ ನದಿಯಿಲ್ಲ, ಕಡಲಿಲ್ಲ; ನಿಂತು ನೋಡುವುದಕ್ಕೆ ದೊಡ್ಡ ತೆರಪು ಕಡಮೆ. ಯುಟಿಲಿಟಿ ಕಟ್ಟಡವನ್ನು 5 ಕಿಲೋಮೀಟರಿನಿಂದ ನೋಡಿದರೆ ಅದರ ಎತ್ತರ 1.2 ಡಿಗ್ರಿ. ಎದುರಿಗೆ 50 ಮೀಟರ್ ದೂರದಲ್ಲಿ ಒಂದು ಸಾಧಾರಣ ಮರವಿದ್ದರೆ ಸಾಕು, ಕಟ್ಟಡ ಮಾಯ.

ಮುಂಬಯಿಯ ಮರೀನ್ ಡ್ರೈವ್ ರಸ್ತೆಯ ಬಡಗಣ ತುದಿಯಾದ ಗಿರಗಾಂವ ಚೌಪಾಟಿಯಲ್ಲಿ ನಿಂತು ನರೀಮನ್ ಪಾಯಿಂಟಿನ ಕಟ್ಟಡಗಳನ್ನು ನೋಡಿದರೆ ದೂರವು ಸುಮಾರು 3 ಕಿಲೋಮೀಟರ್. ಅಲ್ಲಿಯ 100 ಮೀಟರಿನ ಕಟ್ಟಡವು ನಮ್ಮ ಕಣ್ಣಿನಲ್ಲಿ 2 ಡಿಗ್ರಿಯಷ್ಟೇ. 1.2ಕ್ಕೂ 2ಕ್ಕೂ ಅಂಥ ದೊಡ್ಡ ಅಂತರವೇನಿಲ್ಲ. ಆದರೂ ಆ ನೋಟವು ಮನಸ್ಸನ್ನು ಹಿಡಿಯುತ್ತದೆ. ಏಕೆಂದರೆ ನಡುವೆ ಇರುವುದು ಬರಿಯ ನೀರು. ಕಟ್ಟಡಗಳು ಒಂದರ ಪಕ್ಕಕ್ಕೊಂದು ಒತ್ತಾಗಿ ನಿಂತಿವೆ. ಅವುಗಳ ಬುಡದಿಂದ ತುದಿಯವರೆಗೆ ಏನೂ ಮರೆಯಾಗಿಲ್ಲ. ಸಂಜೆಯಲ್ಲಿ ನೀರಿನೊಳಗಿನ ಪ್ರತಿಬಿಂಬವು ಆ ಎತ್ತರವನ್ನು ಇಮ್ಮಡಿಸಿದಂತೆ ತೋರಿಸುತ್ತದೆ. ಬೆಂಗಳೂರಿನಲ್ಲಿಯೂ ಹಲಸೂರು ಕೆರೆಯ ದಂಡೆಯಲ್ಲಿ ನಿಂತರೆ ಇದರ ಒಂದು ಚಿಕ್ಕ ಮಾದರಿಯನ್ನು ಕಾಣಬಹುದು. ನಗರವು ಅದೇ, ಬದಲಾದುದು ಎದುರಿನ ತೆರಪು ಮಾತ್ರ.

ಗಾಳಿಯ ತೆರೆ

ಕೋನವಿದೆ, ಆಕಾಶದ ಹಿನ್ನೆಲೆಯಿದೆ, ತೆರಪಿದೆ. ಆದರೂ ಕೆಲವು ದಿನ ಏನೂ ಕಾಣುವುದಿಲ್ಲ. ಕಣ್ಣಿಗೂ ಕಟ್ಟಡಕ್ಕೂ ನಡುವೆ ಗಾಳಿಯಿದೆ. ಗಾಳಿಯಲ್ಲಿ ಧೂಳು, ಹೊಗೆ, ನೀರಿನ ಕಣಗಳಿವೆ. ಅವು ಎರಡು ಕೆಲಸಗಳನ್ನು ಮಾಡುತ್ತವೆ. ಕಟ್ಟಡದಿಂದ ಬರುವ ಬೆಳಕನ್ನು ದಾರಿಯಲ್ಲಿ ಚೆದರಿಸುತ್ತವೆ. ಸೂರ್ಯನ ಬೆಳಕನ್ನು ನಮ್ಮ ಕಣ್ಣಿನ ಕಡೆಗೆ ಚೆದರಿಸಿ ಒಂದು ಬಿಳಿಯ ತೆರೆಯನ್ನು ಎಳೆಯುತ್ತವೆ. ಪರಿಣಾಮವಾಗಿ ಕಪ್ಪು ಕಟ್ಟಡವು ದೂರ ಸರಿದಂತೆಲ್ಲ ಬೆಳ್ಳಗಾಗುತ್ತ ಕೊನೆಗೆ ಆಕಾಶದೊಳಗೆ ಬೆರೆತುಹೋಗುತ್ತದೆ. ವಸ್ತುವಿಗೂ ಹಿನ್ನೆಲೆಗೂ ಹೊಳಪಿನಲ್ಲಿರುವ ಈ ಅಂತರಕ್ಕೆ ವೈದೃಶ್ಯ ಎನ್ನೋಣ.

ವೈದೃಶ್ಯವು ಕುಗ್ಗುವ ನಿಯಮವನ್ನು 1924ರಲ್ಲಿ ಜರ್ಮನಿಯ ಕೋಶ್ಮೀಡರ್ ಎಂಬ ವಿಜ್ಞಾನಿ ನಿರೂಪಿಸಿದನು. ಸಮನಾದ ದೂರಗಳನ್ನು ದಾಟಿದಂತೆಲ್ಲ ಅದು ಸಮನಾದ ಪ್ರಮಾಣದಲ್ಲಿ ಕುಗ್ಗುತ್ತದೆ: ಅರ್ಧ, ಅರ್ಧದ ಅರ್ಧ, ಅದರ ಅರ್ಧ. ಅದು ಐವತ್ತನೆಯ ಒಂದು ಭಾಗಕ್ಕೆ ಇಳಿದಾಗ ವಸ್ತುವು ಕಣ್ಣಿಗೆ ಕಾಣದಂತಾಗುತ್ತದೆಂದು ಇಟ್ಟುಕೊಂಡು, ಆ ದೂರವನ್ನು ಗೋಚರದೂರವೆಂದು ಕರೆಯುತ್ತಾರೆ.

ಮಳೆ ಹೊಯ್ದು ತೊಳೆದ ಒಂದು ದಿನ ಗೋಚರದೂರವು 40 ಕಿಲೋಮೀಟರ್ ಎಂದುಕೊಳ್ಳೋಣ. ಆಗ ವೈದೃಶ್ಯವು ಅರ್ಧವಾಗುವುದಕ್ಕೆ 7 ಕಿಲೋಮೀಟರ್ ಬೇಕು. 5 ಕಿಲೋಮೀಟರಿನಲ್ಲಿ ನೂರಕ್ಕೆ 61ರಷ್ಟು ಉಳಿದಿರುತ್ತದೆ. ಹೊಗೆ ಕವಿದ ಇನ್ನೊಂದು ದಿನ ಗೋಚರದೂರವು 8 ಕಿಲೋಮೀಟರ್ ಎಂದುಕೊಳ್ಳೋಣ. ಆಗ ಪ್ರತಿ 1.4 ಕಿಲೋಮೀಟರಿಗೆ ಅದು ಅರ್ಧವಾಗುತ್ತ, 5 ಕಿಲೋಮೀಟರಿನಲ್ಲಿ ನೂರಕ್ಕೆ 9ರಷ್ಟು ಮಾತ್ರ ಉಳಿಯುತ್ತದೆ. ಕಟ್ಟಡವು ಅದೇ, ಕೋನವು ಅದೇ. ನೋಟವು ಮಾತ್ರ ಬಡವಾಯಿತು. ಕಲ್ಮಶವೇ ಇಲ್ಲದ ಗಾಳಿಯಲ್ಲಿ ಗೋಚರದೂರವು ಸುಮಾರು 300 ಕಿಲೋಮೀಟರ್ ಆಗುವುದೆಂದು ಲೆಕ್ಕವಿದೆ. 2020ರ ಏಪ್ರಿಲ್ ತಿಂಗಳಲ್ಲಿ ವಾಹನಗಳೂ ಕಾರ್ಖಾನೆಗಳೂ ನಿಂತಾಗ, ಪಂಜಾಬಿನ ಜಲಂಧರದ ಜನರು ನೂರು ಕಿಲೋಮೀಟರಿಗೂ ಆಚೆಯ ಧೌಲಾಧಾರ ಹಿಮಪರ್ವತಗಳನ್ನು ತಮ್ಮ ಮನೆಯ ಮಾಳಿಗೆಗಳ ಮೇಲಿಂದ ಕಂಡರು. ಪರ್ವತಗಳು ಅಂದು ಹುಟ್ಟಿದವಲ್ಲ. ತೆರೆ ಸರಿಯಿತು, ಅಷ್ಟೆ.

ತೇರಗಾಂವದ ಪಡುವಣ ಏಣು ನೀಲಿಯಾಗಿ ಕಾಣುವುದೂ ಈ ಚೆದರಿಕೆಯಿಂದಲೇ. ಗಾಳಿಯ ಅಣುಗಳು ನೀಲಿಯನ್ನು ಕೆಂಪಿಗಿಂತ ಬಹಳ ಹೆಚ್ಚಾಗಿ ಚೆದರಿಸುತ್ತವೆ. ಅಣುಗಳಿಗಿಂತ ಎಷ್ಟೋ ದಪ್ಪವಾದ ಹೊಗೆ, ಧೂಳುಗಳ ಕಣಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿ ಚೆದರಿಸುತ್ತವೆ. ಆದುದರಿಂದ ಕಬ್ಬು ಕಡಿದ ಹೊಲಗಳಲ್ಲಿ ರವದಿ ಸುಡುವ ದಿನಗಳಲ್ಲಿ ನೀಲಿಯ ಏಣು ಮೊದಲು ಬೂದಿಯಾಗಿ, ಆಮೇಲೆ ಇಲ್ಲವೇ ಆಗುತ್ತದೆ.

ಕಣ್ಣಿನ ಇನ್ನೊಂದು ಮಿತಿಯನ್ನೂ ಇಲ್ಲಿ ಹೇಳಬೇಕು. ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕಿಂತ ಚಿಕ್ಕ ವಿವರಗಳನ್ನು ಸಾಮಾನ್ಯ ಕಣ್ಣು ಬಿಡಿಸಿ ಕಾಣಲಾರದು. 10 ಸೆಂಟಿಮೀಟರ್ ಅಗಲದ ಕಬ್ಬಿಣದ ಪಟ್ಟಿಯು ಸುಮಾರು 340 ಮೀಟರ್ ದೂರದಲ್ಲಿ ಈ ಮಿತಿಯನ್ನು ಮುಟ್ಟುತ್ತದೆ. ಮೊಬೈಲ್ ಗೋಪುರವು ಗುಡಿಯ ಶಿಖರಕ್ಕಿಂತ ಎತ್ತರವಿದ್ದರೂ ದೂರದಿಂದ ಮಸುಕಾಗುವುದಕ್ಕೂ, ತುಂಬು ಮೈಯ ಶಿಖರವು ಕಪ್ಪಾಗಿ ನಿಲ್ಲುವುದಕ್ಕೂ ಇದೇ ಕಾರಣ.

ಹತ್ತಿರದ ಚಿಕ್ಕದು, ದೂರದ ದೊಡ್ಡದು

ಇಷ್ಟು ಹೇಳಿದ ಮೇಲೆ, ಗೋಳಗುಮ್ಮಟದ ನೋಟವು ಮುಂದೆಯೂ ಉಳಿಯುವುದೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕವನ್ನೂ ಅದರ ನೆರೆಯನ್ನೂ ಕಾಪಾಡುವುದಕ್ಕೆ ಇದು ಬೇಕಾದ ಕ್ರಮ. ಆದರೆ ಆಕಾಶರೇಖೆಯ ಲೆಕ್ಕವೇ ಬೇರೆ.

ನಾವು ಗೋಳಗುಮ್ಮಟದಿಂದ 1,000 ಮೀಟರ್ ದೂರದಲ್ಲಿ ರಸ್ತೆಯ ಮೇಲೆ ನಿಂತಿದ್ದೇವೆ, ಕಣ್ಣಿನ ಎತ್ತರ 1.5 ಮೀಟರ್, ನೆಲ ಮಟ್ಟಸ ಎಂದು ಇಟ್ಟುಕೊಳ್ಳಿ. ಗುಮ್ಮಟದ ನೆತ್ತಿಯನ್ನು ಮರೆಮಾಡಲು ನಡುವಣ ಕಟ್ಟಡವು ಎಷ್ಟು ಎತ್ತರವಿರಬೇಕು? ಸಮರೂಪ ತ್ರಿಕೋನಗಳಿಂದ ಉತ್ತರ ಸಿಗುತ್ತದೆ:

ಗುಮ್ಮಟದಿಂದ 300 ಮೀಟರ್, ನಮ್ಮಿಂದ 700 ಮೀಟರ್ ದೂರದಲ್ಲಿದ್ದರೆ: ಸುಮಾರು 36 ಮೀಟರ್.
ನಮ್ಮಿಂದ 200 ಮೀಟರ್ ದೂರದಲ್ಲಿದ್ದರೆ: ಸುಮಾರು 11.4 ಮೀಟರ್.
ನಮ್ಮಿಂದ 50 ಮೀಟರ್ ದೂರದಲ್ಲಿದ್ದರೆ: ಸುಮಾರು 4 ಮೀಟರ್.

ನೋಡಿದಿರಾ? ನಿಯಂತ್ರಿತ ಪ್ರದೇಶದ ಅಂಚಿನಲ್ಲಿ ಗುಮ್ಮಟವನ್ನು ಮುಚ್ಚಲು ಹನ್ನೆರಡು ಅಂತಸ್ತು ಬೇಕು. ನೋಡುವವನ ಎದುರಿಗೆ ಮುಚ್ಚಲು ಒಂದಂತಸ್ತಿನ ಅಂಗಡಿಯೇ ಸಾಕು. ಸ್ಮಾರಕದ ಸುತ್ತ ಎಳೆದ ವೃತ್ತವು ಸ್ಮಾರಕವನ್ನು ಕಾಯುತ್ತದೆ. ನೋಟವನ್ನು ಕಾಯುವುದಕ್ಕೆ ವೃತ್ತವಲ್ಲ, ಗೆರೆ ಬೇಕು: ಜನರು ನಿಂತು ನೋಡುವ ಕೆಲವು ಜಾಗಗಳಿಂದ ಸ್ಮಾರಕದವರೆಗೆ ತೆರಪಾಗಿ ಉಳಿಯುವ ಗೆರೆಗಳು.

ಲಂಡನ್ ನಗರವು ಹೀಗೆಯೇ ಮಾಡಿದೆ. ಅಲ್ಲಿಯ ಸಂತ ಪಾಲರ ದೇವಾಲಯದ ಎತ್ತರ ಸುಮಾರು 111 ಮೀಟರ್. ಅದನ್ನು ಮರೆಮಾಡುವ ಕಟ್ಟಡಗಳಿಗೆ 1930ರ ದಶಕದಿಂದಲೇ ಎತ್ತರದ ಕಟ್ಟಳೆಗಳಿವೆ. ರಿಚ್‌ಮಂಡ್ ಉದ್ಯಾನದ ಒಂದು ದಿಬ್ಬದಿಂದ, ಸುಮಾರು 16 ಕಿಲೋಮೀಟರ್ ದೂರದಿಂದ, ಆ ದೇವಾಲಯದ ಗುಮ್ಮಟವನ್ನು ನೋಡುವ ಒಂದು ಗೆರೆಯೂ ರಕ್ಷಿತವಾಗಿದೆ. ಅಷ್ಟು ದೂರಕ್ಕೆ ಆ ಎತ್ತರವು 0.4 ಡಿಗ್ರಿ ಮಾತ್ರ, ಚಂದ್ರನಿಗಿಂತ ಕಿರಿದು. ಹಾಂಗ್‌ಕಾಂಗ್‌ನ ನಗರಯೋಜಕರು ಬಂದರಿನ ಹಿಂದಿನ ಬೆಟ್ಟಗಳ ಏಣು ಕಟ್ಟಡಗಳಲ್ಲಿ ಮುಳುಗಿಹೋಗದಂತೆ, ಏಣಿನ ಕೆಳಗೆ ಐದನೆಯ ಒಂದು ಭಾಗದಷ್ಟನ್ನಾದರೂ ತೆರಪಾಗಿ ಬಿಡಬೇಕೆಂಬ ಸೂಚನೆಯನ್ನು ಇಟ್ಟುಕೊಂಡಿದ್ದಾರೆ. ಇದಕ್ಕೆ ಹಣಕ್ಕಿಂತ ಮೊದಲು ಬೇಕಾದುದು ಒಂದು ನಕ್ಷೆ, ಒಂದು ಸಮರೂಪ ತ್ರಿಕೋನ, ಮತ್ತು ಮನಸ್ಸು.

ಮಾಡಿ ನೋಡಿ

ವಿದ್ಯಾರ್ಥಿಮಿತ್ರರು ಇದನ್ನೆಲ್ಲ ಓದಿ ಬಿಡದೆ ತಮ್ಮ ಊರಿನಲ್ಲಿಯೇ ಪರೀಕ್ಷಿಸಬಹುದು. ಯಾವ ಉಪಕರಣವೂ ಬೇಕಾಗಿಲ್ಲ.

1. ತೋಳನ್ನು ಪೂರಾ ಚಾಚಿ ಹಿಡಿದಾಗ ಮುಷ್ಟಿಯ ಅಗಲವು ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲವು ಸುಮಾರು 1 ಡಿಗ್ರಿ. ಇದರಿಂದ ಊರಿನ ಶಿಖರ, ಮರ, ನೀರಿನ ಟಾಕಿಗಳ ಕೋನಗಳನ್ನು ಮೂರು ಬೇರೆ ಬೇರೆ ದೂರಗಳಿಂದ ಅಳೆಯಿರಿ. ದೂರವು ಇಮ್ಮಡಿಯಾದಾಗ ಕೋನವು ಅರ್ಧವಾಗುವುದೇ ನೋಡಿರಿ.

2. ಬಿಸಿಲಿನಲ್ಲಿ ಒಂದು ಮೀಟರ್ ಕೋಲಿನ ನೆರಳನ್ನೂ ಶಿಖರದ ನೆರಳನ್ನೂ ಒಂದೇ ಹೊತ್ತಿನಲ್ಲಿ ಅಳೆದು ಶಿಖರದ ಎತ್ತರವನ್ನು ಲೆಕ್ಕ ಹಾಕಿರಿ. ಶಿಖರದ ನೆರಳನ್ನು ಅದರ ಪಾದದ ನಡುವಿನಿಂದ ಅಳೆಯಬೇಕೆಂಬುದನ್ನು ಮರೆಯಬಾರದು.

3. ಒಂದು ಜಾಗವನ್ನು ಗೊತ್ತುಮಾಡಿಕೊಂಡು ದಿನವೂ ಅದೇ ಹೊತ್ತಿಗೆ ಅಲ್ಲಿಂದ ದೂರದ ಏಣನ್ನು ನೋಡಿ, ಸ್ಪಷ್ಟ, ಮಸುಕು, ಕಾಣದು ಎಂದು ಒಂದು ವಹಿಯಲ್ಲಿ ಗುರುತು ಹಾಕಿರಿ. ಮಳೆ, ಗಾಳಿಯ ದಿಕ್ಕು, ಹೊಲ ಸುಟ್ಟ ದಿನಗಳನ್ನೂ ಪಕ್ಕದಲ್ಲಿ ಬರೆಯಿರಿ. ಒಂದು ವರ್ಷದ ವಹಿಯು ನಿಮ್ಮ ಊರಿನ ಗಾಳಿಯ ಚರಿತ್ರೆಯಾಗುತ್ತದೆ.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವನ್ನು ಈಗ ಸಂಗ್ರಹವಾಗಿ ಹೇಳಬಹುದು. ಆಕಾಶರೇಖೆಯು ಕಣ್ಣಿಗೆ ತುಂಬಬೇಕಾದರೆ ಎತ್ತರಕ್ಕಿಂತ ಎತ್ತರದ ಅಂತರವು ಬೇಕು. ಹಿಂದೆ ಆಕಾಶ, ಮುಂದೆ ತೆರಪು ಬೇಕು. ಕಟ್ಟಡಗಳು ಚೆದರದೆ ಕೂಡಿರಬೇಕು. ನಡುವಣ ಗಾಳಿ ತಿಳಿಯಾಗಿರಬೇಕು. ಮುಹಮ್ಮದ್ ಆದಿಲ್ ಶಹನು 1656ರಲ್ಲಿ ತೀರಿಕೊಂಡಾಗ ಅವನ ಸಮಾಧಿಗೆ ಇವೆಲ್ಲವೂ ಒದಗಿದ್ದುವು. ಬೆಂಗಳೂರಿನ ಕಟ್ಟಡಗಳಿಗೆ ಎತ್ತರವೊಂದು ಒದಗಿದೆ.

ಉತ್ತರವನ್ನು ಕೇಳಿದ ಆ ಹುಡುಗನು ಮೂರನೆಯ ಪ್ರಯೋಗವನ್ನು ತನ್ನ ಗದ್ದೆಯ ಬದುವಿನಿಂದಲೇ ಆರಂಭಿಸಿದ್ದಾನೆ. ಅವನ ವಹಿಯ ಮೊದಲನೆಯ ವಾರದಲ್ಲಿ "ಸ್ಪಷ್ಟ" ಎಂಬ ಗುರುತು ಎರಡು ದಿನ ಮಾತ್ರ ಇದೆ. ಉಳಿದ ಐದು ದಿನ ಏಣು ಎಲ್ಲಿ ಹೋಗಿತ್ತೆಂಬುದನ್ನು ಅವನು ಈಗ ಬಲ್ಲನು.